ಫಿಸಿಯೋಥೆರಪಿ: ಎಲ್ಲಿ ನಿಲ್ಲಿಸಬೇಕು, ಏನನ್ನು ನಿಲ್ಲಿಸಬಾರದು

ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಪೆಟ್ಟಿನಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಗುವಿನ ತಂದೆತಾಯಿಯನ್ನು ಬಿಡದೆ ಕಾಡುವ ಪ್ರಶ್ನೆಯಿದು: ಫಿಸಿಯೋಥೆರಪಿ ಇನ್ನೆಷ್ಟು ದಿನ? ನಿಲ್ಲಿಸಿದರೆ ಕಲಿತದ್ದೆಲ್ಲ ಕೈತಪ್ಪೀತೆಂಬ ಅಂಜಿಕೆ ಒಂದು ಕಡೆ. ಮಗುವಿನ ಶಾಲೆ, ತಮ್ಮ ಕೂಲಿ ಎರಡನ್ನೂ ಬಿಟ್ಟು ಆಸ್ಪತ್ರೆಗೆ ಅಲೆಯುವ ದಣಿವು ಇನ್ನೊಂದು ಕಡೆ. ಎಲ್ಲ ಮಕ್ಕಳಿಗೂ ಹೊಂದುವ ಒಂದೇ ವಯಸ್ಸು ಇಲ್ಲ. ನಿರ್ಧಾರಕ್ಕೆ ಆಧಾರವಾಗುವ ತಿಳಿವಳಿಕೆ ಮಾತ್ರ ಇದೆ.

ವಯಸ್ಸು ಹೇಳುವುದೇನು?

ಈ ಮಕ್ಕಳ ಚಲನೆಯ ಶಕ್ತಿಯನ್ನು ಐದು ಹಂತಗಳಾಗಿ ಗುರುತಿಸುವ ಪದ್ಧತಿ 1997ರಲ್ಲಿ ಕೆನಡಾದಲ್ಲಿ ರೂಪುಗೊಂಡಿತು. ಎಲ್ಲೆಡೆ ಅಡೆತಡೆಯಿಲ್ಲದೆ ನಡೆಯಬಲ್ಲವರು 1ನೇ ಹಂತ. ತಲೆ ಎತ್ತಿ ಹಿಡಿಯುವುದೂ ಕಷ್ಟವಾದವರು 5ನೇ ಹಂತ. ಅಲ್ಲಿನ ಒಂಟಾರಿಯೊ ಪ್ರಾಂತದ 657 ಮಕ್ಕಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕೂರುವುದು, ನಿಲ್ಲುವುದು, ನಡೆಯುವುದರಲ್ಲಿ ಮಗು ತನಗೆ ಸಾಧ್ಯವಿರುವುದರ ಶೇ. 90ರಷ್ಟನ್ನು ಸರಾಸರಿ 5 ವರ್ಷದೊಳಗೆ ಗಳಿಸುತ್ತದೆ, ತೊಂದರೆ ಹೆಚ್ಚಿದ್ದಷ್ಟೂ ಆ ಮಿತಿ ಬೇಗ ಬರುತ್ತದೆ ಎಂದು ಅದು ತೋರಿಸಿತು. 5 ತುಂಬಿದೊಡನೆ ನಿಲ್ಲಿಸಿ ಎಂದು ಇದರ ಅರ್ಥವಲ್ಲ. ಅಲ್ಲಿಂದಾಚೆಗೆ ಚಿಕಿತ್ಸೆಯ ಗುರಿ ಬದಲಾಗಬೇಕು, ಅಷ್ಟೆ.

ಗುರಿ ಕಣ್ಣಿಗೆ ಕಾಣುವಂತಿರಲಿ

'ಕಾಲಿಗೆ ಬಲ ಬರಲಿ' ಎನ್ನುವುದು ಹಾರೈಕೆ. 'ಶಾಲೆಯ ಮೂರು ಮೆಟ್ಟಿಲನ್ನು ಕಂಬಿ ಹಿಡಿದು ತಾನೇ ಹತ್ತಲಿ' ಎನ್ನುವುದು ಗುರಿ. ಅದಕ್ಕೆ ಇಷ್ಟು ವಾರವೆಂದು ಗೊತ್ತುಮಾಡಿ, ನಿಜವಾದ ಮೆಟ್ಟಿಲ ಮೇಲೆಯೇ ಅಭ್ಯಾಸ ಮಾಡಿಸಬೇಕು. ಮಲಗಿದ ಮಗುವಿನ ಕೈಕಾಲನ್ನು ಬೇರೆಯವರು ಎಳೆದು ಬಾಗಿಸುವುದಕ್ಕಿಂತ, ಬೇಕಾದ ಕೆಲಸವನ್ನು ಮಗುವೇ ಮಾಡಿ ಮಾಡಿ ಕಲಿಯುವುದು ಹೆಚ್ಚು ಫಲ ಕೊಡುತ್ತದೆ.

ಮಗು ಮೆಟ್ಟಿಲು ಹತ್ತಲು ಕಲಿತರೆ ಚಿಕಿತ್ಸೆಯ ಆ ಸುತ್ತು ಮುಗಿಯಿತು. ದಿನವೂ ಹತ್ತುವುದೇ ಇನ್ನು ವ್ಯಾಯಾಮ. ಒಳ್ಳೆಯ ಅಭ್ಯಾಸದ ನಂತರವೂ ಆಗದಿದ್ದರೆ ದಾರಿ ಬದಲಿಸಬೇಕು: ಶಾಲೆಗೊಂದು ಇಳಿಜಾರು, ಮಗುವಿಗೊಂದು ವಾಕರ್ ಅಥವಾ ಗಾಲಿಕುರ್ಚಿ. ಇದು ಮಗುವಿನ ಸೋಲಲ್ಲ. ತರಗತಿಗೆ ಹೋಗಿ ಗೆಳೆಯರ ಜೊತೆ ಕೂರುವುದು ತಾನೇ ಮುಖ್ಯ? ದೊಡ್ಡ ಮಕ್ಕಳಾದರೆ 'ಇದು ನಿನಗೆ ಬೇಕೇ?' ಎಂದು ಅವರನ್ನೇ ಕೇಳಬೇಕು.

ತಪಾಸಣೆ ನಿಲ್ಲಬಾರದು

ಮಿದುಳಿಗಾದ ಪೆಟ್ಟು ಹೆಚ್ಚುವುದಿಲ್ಲ, ಆದರೆ ಮೈ ಬೆಳೆಯುತ್ತದೆ. ಮೂಳೆ ಉದ್ದವಾಗುವ ವೇಗಕ್ಕೆ ಬಿಗಿದ ಸ್ನಾಯು ಸರಿಗಟ್ಟದೆ, ನೆಲಕ್ಕೆ ಊರುತ್ತಿದ್ದ ಹಿಮ್ಮಡಿ ಮೇಲೇಳುತ್ತದೆ. ನಡೆಯಲಾರದ ಮಕ್ಕಳಲ್ಲಿ ಸೊಂಟದ ಕೀಲು ಜಾರುವ ಅಪಾಯ ಹೆಚ್ಚು. ಮೊದಮೊದಲು ನೋವೂ ಇಲ್ಲದಿರಬಹುದು, ಎಕ್ಸ್‌ರೇಯಲ್ಲಷ್ಟೇ ತಿಳಿದೀತು. ಮಗು ದಿಢೀರನೆ ಎತ್ತರವಾದಾಗ, ಮೊದಲಿಗಿಂತ ಬೇಗ ಸುಸ್ತಾದಾಗ, ಬೀಳುವುದು ಹೆಚ್ಚಿದಾಗ, ಶಸ್ತ್ರಚಿಕಿತ್ಸೆಯಾದಾಗ ಹೊಸ ಸುತ್ತು ಬೇಕಾಗಬಹುದು.

ಕೈಯಲ್ಲಿ ಕಾಸಿಲ್ಲವೆಂಬ ಒಂದೇ ಕಾರಣಕ್ಕೆ ನಿಲ್ಲಿಸುವ ಮುನ್ನ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಯ ಬಗ್ಗೆ ವಿಚಾರಿಸಿ. ಥೆರಪಿಯ ವೆಚ್ಚವೂ ಅದರಲ್ಲಿ ಸೇರುತ್ತದೆ.

ಒಂದು ಸುತ್ತು ಮುಗಿಸುವಾಗ ಫಿಸಿಯೋಥೆರಪಿಸ್ಟ್ ಅವರಿಂದ ಮೂರು ವಿಷಯ ಬರೆಸಿಕೊಳ್ಳಿ: ಮನೆಯಲ್ಲಿ ಏನು ಮುಂದುವರಿಸಬೇಕು, ಮುಂದಿನ ತಪಾಸಣೆ ಯಾವಾಗ, ಯಾವ ಬದಲಾವಣೆ ಕಂಡರೆ ಅದಕ್ಕೂ ಮುಂಚೆ ಬರಬೇಕು. ಈ ಮೂರಕ್ಕೆ ಉತ್ತರ ಸಿಕ್ಕಿದ್ದರೆ ಅಂಜದೆ ನಿಲ್ಲಿಸಬಹುದು.