ಓಟ್ಸ್ ಹಿಟ್ಟಿಗೂ ಎಸರು

ಅಬ್ಬಾಗೆ ಶುಗರ್ ಇರುವುದರಿಂದ ಶಹಾಬಜಾರದ ನಮ್ಮ ಮನೆಯಲ್ಲಿ ಈಗ ಮೈದಾ ತರುವುದಿಲ್ಲ. ಓಟ್ಸ್ ಅನ್ನು ಒಣಗಿದ ಮಿಕ್ಸಿ ಜಾರಿನಲ್ಲಿ ಒಂದು ನಿಮಿಷ ತಿರುವಿದರೆ ಹಿಟ್ಟು ಸಿದ್ಧ. ಚಪಾತಿಯಂತೆ ತಣ್ಣೀರಲ್ಲಿ ಕಲಸಿ ಲಟ್ಟಿಸಿದರೆ ಮಾತ್ರ ಹರಿಯುತ್ತದೆ. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಓಟ್ಸ್‌ನಲ್ಲಿಲ್ಲ, ನಮ್ಮ ಜೋಳದಲ್ಲೂ ಇಲ್ಲ. ಅಮ್ಮಿ ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದು ಅದಕ್ಕೇ: ಕುದಿನೀರಿಗೆ ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಓಟ್ಸ್‌ಗೂ ಎಸರು ಹಾಕಿ, 10 ನಿಮಿಷ ಮುಚ್ಚಿಟ್ಟು, ರೊಟ್ಟಿ ಕೈಯಿಂದಲೇ ಬಡಿಯಬೇಕು. ಕೇಕಾದರೆ ಹಿಡಿತಕ್ಕೆ ಮೊಟ್ಟೆ ಬೇಕು.

ಓಟ್ಸ್‌ನ ಬೀಟಾ-ಗ್ಲುಕಾನ್ ಎಂಬ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ತೀರ ನುಣ್ಣಗೆ ಬೀಸಿದರೆ ಆ ಲಾಭ ತಗ್ಗುತ್ತದೆ. ನಾನು ಸ್ವಲ್ಪ ತರಿಯಾಗಿಯೇ ಬಿಡುತ್ತೇನೆ. ಎಣ್ಣೆಯಂಶದಿಂದ ಹಿಟ್ಟು ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಪುಡಿ ಮಾಡಿ. ಬೆಲೆ ನೋಡಿದರೆ ಜೋಳವೇ ವಾಸಿ ಎನ್ನುತ್ತಾರೆ ಅಮ್ಮಿ. ಕೇಕೊಂದನ್ನು ಬಿಟ್ಟರೆ ನನ್ನದೂ ಅದೇ ಮಾತು.