ಲಕ್ಕವಳ್ಳಿ ಸೀಮೆಯಲ್ಲಿ ಮನೆಬೇಲಿ: ಗಡಿ, ಮಣ್ಣು, ಕಾನೂನು

ಮನೆಬೇಲಿಗೆ ಎರಡು ಕೆಲಸ: ಜಾಗದ ಗಡಿ ತೋರಿಸುವುದು, ಒಳಗೆ ಬರಬಾರದ್ದನ್ನು ತಡೆಯುವುದು. ದಾಖಲೆಗೆ ಹೊಂದದ ಗಡಿಯಲ್ಲಿ ನಿಂತ ಬೇಲಿ ಎಷ್ಟೇ ಗಟ್ಟಿಯಾಗಿದ್ದರೂ ಒಂದು ದಿನ ಕೀಳಬೇಕಾಗುತ್ತದೆ. ಯಾವುದನ್ನು ತಡೆಯಬೇಕೆಂದು ಗೊತ್ತುಮಾಡಿಕೊಳ್ಳದೆ ಹಾಕಿದ ಬೇಲಿಗೆ ಸುರಿದ ಹಣ ದಂಡ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಈ ಎರಡಕ್ಕೂ ಹೆಚ್ಚು ಎಚ್ಚರ ಬೇಕು. ಇಲ್ಲಿ ಒಂದು ಕಡೆ ಭದ್ರಾ ಅಣೆಕಟ್ಟು, ಹಿನ್ನೀರು ಮತ್ತು ಕಾಲುವೆಗಳಿವೆ. ಇನ್ನೊಂದು ಕಡೆ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯವಿದೆ. ಖಾಸಗಿ ಜಮೀನು, ನೀರಾವರಿ ಜಾಗ, ಅರಣ್ಯ ಭೂಮಿ ಮೂರೂ ಇಲ್ಲಿ ಒತ್ತೊತ್ತಾಗಿವೆ.

ಹೀಗಾಗಿ ಮೊದಲ ಕೆಲಸ ಗುಂಡಿ ತೋಡುವುದಲ್ಲ, ಕಾಗದ ನೋಡುವುದು. ಗ್ರಾಮಠಾಣೆಯ ನಿವೇಶನವಾದರೆ ಇ-ಸ್ವತ್ತಿನ ದಾಖಲೆಯಲ್ಲಿರುವ ಅಳತೆ ಮತ್ತು ಚಕ್ಕುಬಂದಿಯನ್ನು ಸ್ಥಳದಲ್ಲಿ ಟೇಪು ಹಿಡಿದು ತಾಳೆ ನೋಡಬೇಕು. ಸರ್ವೆ ನಂಬರಿನ ಜಮೀನಿನಲ್ಲಿ ಮನೆಯಿದ್ದರೆ ಪಹಣಿಯೊಂದೇ ಸಾಲದು, ಸರ್ವೆ ನಕ್ಷೆಯೂ ಬೇಕು. ಗಡಿ ಅನುಮಾನವಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಅವರ ಎದುರಿಗೇ ಸರ್ವೇಯರ್ ಅಳತೆ ಮಾಡುತ್ತಾರೆ. ಮುಂದೆ ತಕರಾರು ಬಂದರೆ ಆ ಅಳತೆಯೇ ಆಧಾರ. ಬಾಂದು ಕಲ್ಲನ್ನು ಕೀಳುವುದೂ ಸರಿಸುವುದೂ 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಬೇಲಿಯ ಕಂಬ ಮತ್ತು ಅದರ ಬುಡದ ಕಾಂಕ್ರೀಟು ಎರಡೂ ಗಡಿಯ ಒಳಗೇ ಇರಬೇಕು. ಜೀವಬೇಲಿಯಾದರೆ ರೆಂಬೆ ಹರಡುವುದನ್ನೂ ಲೆಕ್ಕಕ್ಕೆ ಹಿಡಿದು ಎರಡು ಮೂರು ಅಡಿ ಒಳಗೆ ನೆಡುವುದು ಕ್ಷೇಮ.

ಇಟ್ಟಿಗೆ ಅಥವಾ ಕಲ್ಲಿನ ಕಾಂಪೌಂಡ್ ಕಟ್ಟುವ ಮುನ್ನ ಗ್ರಾಮ ಪಂಚಾಯಿತಿಯ ಅನುಮತಿ ಪಡೆಯಬೇಕು. ತಂತಿಬೇಲಿಗೂ ಪಿಡಿಒ ಅವರನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ರಸ್ತೆ ಮಗ್ಗುಲಿನ ನಿವೇಶನವಾದರೆ ಎಷ್ಟು ಜಾಗ ಬಿಡಬೇಕೆಂಬುದನ್ನು ಆ ರಸ್ತೆಯ ಹೊಣೆ ಹೊತ್ತ ಪಂಚಾಯಿತಿ ಅಥವಾ ಲೋಕೋಪಯೋಗಿ ಇಲಾಖೆಯಿಂದ ತಿಳಿದುಕೊಳ್ಳಬೇಕು. ಕಾಲುವೆಯ ಏರಿ, ಅದರ ಪಕ್ಕದ ದಾರಿ ಮತ್ತು ಹಿನ್ನೀರಿಗಾಗಿ ಸ್ವಾಧೀನಪಡಿಸಿಕೊಂಡ ಜಾಗ ಬೇಸಿಗೆಯಲ್ಲಿ ಖಾಲಿ ಕಂಡರೂ ಸರ್ಕಾರದ್ದೇ. ಕಾಡಿನಂಚಿನ ಜಮೀನಾದರೆ ಅರಣ್ಯ ಇಲಾಖೆಯ ಗಡಿಯನ್ನೂ ಖಚಿತಪಡಿಸಿಕೊಳ್ಳಬೇಕು. ಬೇಲಿಯ ಗೂಟಕ್ಕೆಂದು ಕಾಡಿನಿಂದ ಮರ, ಬಿದಿರು ಕಡಿದು ತರುವುದು ಅಪರಾಧ. ನೆರೆಯವರು ಇಪ್ಪತ್ತು ವರ್ಷಗಳಿಂದ ಹಕ್ಕಿನಂತೆ ಓಡಾಡಿದ ಕಾಲುದಾರಿಯಿದ್ದರೆ 1882ರ ಈಸ್‌ಮೆಂಟ್ ಕಾಯಿದೆ ಅವರ ಬೆಂಬಲಕ್ಕೆ ಬರಬಹುದು. ಅಂಥ ಕಡೆ ದಾರಿ ಮುಚ್ಚುವ ಬದಲು ಉಣಗೋಲನ್ನೋ ತಡಬೆಯನ್ನೋ ಇಡುವುದು ಜಾಣತನ.

ಯಾವ ಬೇಲಿ ಎಂಬುದು ಯಾವುದನ್ನು ತಡೆಯಬೇಕು ಎಂಬುದರ ಮೇಲೆ ನಿಂತಿದೆ. ದನಕರುಗಳಿಗೆ ನಾಲ್ಕೈದು ಎಳೆ ಮುಳ್ಳುತಂತಿ ಸಾಕು. ಕೋಳಿ, ನಾಯಿಗಳಿಗೆ ಜಾಲರಿ ಬೇಕು. ಕಾಡುಹಂದಿ ಬೇಲಿಯ ಬುಡದಲ್ಲಿ ತೂರುವುದರಿಂದ ಜಾಲರಿಯ ತಳ ಮಣ್ಣಿನೊಳಗೆ ಹೂತಿರಬೇಕು, ಇಲ್ಲವೆ ಕೆಳಗೆ ಕಲ್ಲಿನ ಅಡ್ಡಗಟ್ಟೆ ಇರಬೇಕು. ಮಂಗಗಳಿಗೆ ಸಾಮಾನ್ಯ ಬೇಲಿ ತಡೆಯೇ ಅಲ್ಲ. ಆನೆಯನ್ನು ಮನೆಬೇಲಿ ನಿಲ್ಲಿಸಲಾರದು. ಬಾಳೆ, ಹಲಸು ಅದನ್ನು ಸೆಳೆಯುವುದರಿಂದ ಮಾಗಿದ ಹಣ್ಣನ್ನು ಮರದಲ್ಲೇ ಬಿಡದಿರುವುದು ಬೇಲಿಗಿಂತ ಹೆಚ್ಚು ಪ್ರಯೋಜನಕಾರಿ.

ಖರ್ಚು ಕಡಿಮೆಯಾಗಬೇಕೆಂದರೆ ಜೀವಬೇಲಿಯಿದೆ. ಗೊಬ್ಬರದ ಗಿಡದ ಗೂಟಗಳನ್ನು ಮುಂಗಾರಿನ ಮೊದಲ ಮಳೆಗೆ ನೆಟ್ಟರೆ ಚಿಗುರುತ್ತವೆ, ಸವರಿದ ಸೊಪ್ಪು ತೋಟಕ್ಕಾಗುತ್ತದೆ. ಲಕ್ಕಿ, ದಾಸವಾಳ, ಕತ್ತಾಳೆಯೂ ಆಗುತ್ತವೆ. ಲಂಟಾನವನ್ನು ಮಾತ್ರ ಬೇಲಿಗೆ ಬಿಟ್ಟುಕೊಳ್ಳಬಾರದು. ಅದು ಹಬ್ಬಿ ತೋಟ, ಕಾಡು ಎರಡನ್ನೂ ನುಂಗುತ್ತದೆ. ಅಡಿಕೆ ದಬ್ಬೆಯ ಬೇಲಿ ಅಗ್ಗ, ಆದರೆ ಮಳೆ ಮತ್ತು ಗೆದ್ದಲಿಗೆ ಬೇಗ ಹಾಳಾಗುತ್ತದೆ. ಬಹುಕಾಲ ಬಾಳಬೇಕಾದರೆ ಕಲ್ಲುಕಂಬ ಅಥವಾ ಸಿಮೆಂಟ್ ಕಂಬವೇ ಸರಿ.

30×40 ಅಡಿಯ ನಿವೇಶನದ ಸುತ್ತಳತೆ 140 ಅಡಿ. ಮುಂಭಾಗದ ಒಂದು ಮೂಲೆಯಲ್ಲಿ ಗೇಟಿಗೆ 10 ಅಡಿ ಬಿಟ್ಟರೆ ಬೇಲಿಗೆ ಉಳಿಯುವುದು 130 ಅಡಿ. ಕಂಬಗಳ ನಡುವೆ ಎಂಟು ಅಡಿ ಮೀರದಂತೆ ಇಟ್ಟರೆ 18 ಕಂಬ ಬೇಕು. ನಾಲ್ಕು ಎಳೆಗೆ ತಂತಿ 520 ಅಡಿ, ಅಂದರೆ ಸುಮಾರು 160 ಮೀಟರ್. ಸುತ್ತುವುದಕ್ಕೂ ಬಿಗಿಯುವುದಕ್ಕೂ ಸ್ವಲ್ಪ ಹೆಚ್ಚು ಹಿಡಿಯಬೇಕು. ಏಳು ಅಡಿಯ ಕಂಬವನ್ನು ಎರಡು ಅಡಿ ಹೂತರೆ ಐದು ಅಡಿ ಎತ್ತರ ಸಿಗುತ್ತದೆ. ತಂತಿಯ ಎಳೆತವೆಲ್ಲ ಮೂಲೆಗಂಬ ಮತ್ತು ಗೇಟಿನ ಕಂಬಗಳ ಮೇಲೆ ಬೀಳುವುದರಿಂದ ಅವುಗಳಿಗೆ ಓರೆಯಾಗಿ ಆಸರೆಗಲ್ಲು ಕೊಟ್ಟು ಬುಡಕ್ಕೆ ಕಾಂಕ್ರೀಟು ಹಾಕಬೇಕು. ಅದು ಗಟ್ಟಿಯಾಗಲು ವಾರವಾದರೂ ಬಿಟ್ಟು ತಂತಿ ಎಳೆಯಬೇಕು.

ಲಕ್ಕವಳ್ಳಿಯ ಕಡೆಯ ಕೆಂಪು ಮಣ್ಣಿನಲ್ಲಿ ಎರಡು ಅಡಿ ಗುಂಡಿಗೆ ಕಲ್ಲುಚೂರು ತುಂಬಿ ಗುದ್ದಿದರೆ ಕಂಬ ನಿಲ್ಲುತ್ತದೆ. ಅಜ್ಜಂಪುರದ ಕಡೆಯ ಎರೆಭೂಮಿ ಹಾಗಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಗುಂಡಿ ಇನ್ನೂ ಆಳವಾಗಬೇಕು. ಇಳಿಜಾರಿನಲ್ಲಿ ನೀರಿನ ಹರಿವಿಗೆ ಅಡ್ಡವಾಗಿ ಗೋಡೆ ಕಟ್ಟಬಾರದು. ಕಟ್ಟಲೇಬೇಕಾದರೆ ಬುಡದಲ್ಲಿ ನೀರು ಹೋಗಲು ಕಿಂಡಿ ಬಿಡಬೇಕು. ಇಲ್ಲದಿದ್ದರೆ ನಿಂತ ನೀರು ಗೋಡೆಯನ್ನೇ ತಳ್ಳುತ್ತದೆ.

ಸೋಲಾರ್ ಬೇಲಿಯಲ್ಲಿ ಬ್ಯಾಟರಿಗೆ ಜೋಡಿಸಿದ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಮಿಡಿತ ಕಳಿಸುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂಜರಿಯುತ್ತದೆ, ಸಾಯುವುದಿಲ್ಲ. ಮೆಸ್ಕಾಂ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವುದು ಬೇರೆಯೇ ಮಾತು: ಅದು ಜನರನ್ನೂ ಆನೆಯನ್ನೂ ಕೊಲ್ಲುತ್ತದೆ. ಕಾಡುಪ್ರಾಣಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ, ಮನುಷ್ಯರು ಸತ್ತರೆ ಕ್ರಿಮಿನಲ್ ಕಾನೂನಿನಡಿ ಮೊಕದ್ದಮೆ ಖಂಡಿತ. ಸೋಲಾರ್ ಬೇಲಿಗೂ ಒಳ್ಳೆಯ ಅರ್ಥಿಂಗ್, ದಾರಿಹೋಕರಿಗೆ ಕಾಣುವ ಎಚ್ಚರಿಕೆ ಫಲಕ ಬೇಕು.

ಮುಂಗಾರಿಗೆ ಮೊದಲು ಸಡಿಲವಾದ ತಂತಿ ಬಿಗಿಯುವುದು, ಮಳೆಗಾಲದಲ್ಲಿ ತಂತಿಗೆ ತಾಗುವ ಬಳ್ಳಿ ಕಡಿಯುವುದು, ಮಳೆ ನಿಂತ ಮೇಲೆ ವಾಲಿದ ಕಂಬಕ್ಕೆ ಮಣ್ಣು ಗುದ್ದುವುದು, ತುಕ್ಕು ಹಿಡಿದ ಗೇಟಿಗೆ ಬಣ್ಣ ಹಚ್ಚುವುದು ವರ್ಷವರ್ಷದ ಕೆಲಸ. ಸರ್ವೆ ನಕ್ಷೆ, ಹದ್ದುಬಸ್ತಿನ ವರದಿ, ಪಂಚಾಯಿತಿಯ ಅನುಮತಿ ಪತ್ರಗಳ ಪ್ರತಿಯನ್ನು ಮನೆಪತ್ರದ ಜೊತೆಗೇ ಇಟ್ಟರೆ ಜಾಗ ಮಾರುವಾಗಲೂ ಪಾಲಾಗುವಾಗಲೂ ಗಡಿಯ ಪ್ರಶ್ನೆ ಮತ್ತೆ ಏಳುವುದಿಲ್ಲ.