ಕಟ್ಟಡದ ಬೆಂಕಿಯಿಂದ ಪಾರಾಗುವ ಕ್ರಮಗಳು

ಕಟ್ಟಡದೊಳಗೆ ಬೆಂಕಿ ಹೊತ್ತಿಕೊಂಡಾಗ ಒಳಗಿರುವವರು ಅಪಾಯವಿಲ್ಲದೆ ಹೊರಬರಲು, ಅಥವಾ ಹೊರಬರಲಾಗದಿದ್ದಲ್ಲಿ ನೆರವು ತಲುಪುವವರೆಗೆ ಜೀವ ಉಳಿಸಿಕೊಳ್ಳಲು ಅನುಸರಿಸಬೇಕಾದ ವಿಧಾನಗಳನ್ನು ಈ ಲೇಖನವು ವಿವರಿಸುತ್ತದೆ. ಬಹುಮಹಡಿ ಕಟ್ಟಡಗಳ ಅವಘಡಗಳಲ್ಲಿ ಜ್ವಾಲೆಗಿಂತ ಮೊದಲು ಜನರನ್ನು ತಲುಪುವುದು ಹೊಗೆ. ಆದ್ದರಿಂದ ಈ ವಿಧಾನಗಳಲ್ಲಿ ಹೆಚ್ಚಿನವು ಹೊಗೆಯಿಂದ ದೂರವಿರುವುದಕ್ಕೆ ಸಂಬಂಧಿಸಿವೆ.

ಹೊಗೆಯ ಅಪಾಯ

ಪ್ಲಾಸ್ಟಿಕ್, ಫೋಮ್ ಹಾಸಿಗೆ, ವಿದ್ಯುತ್ ತಂತಿಗಳ ಹೊದಿಕೆ ಮುಂತಾದವು ಉರಿದಾಗ ದಟ್ಟವಾದ ವಿಷಯುಕ್ತ ಹೊಗೆ ಹೊರಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಈ ಅನಿಲದೊಡನೆ ಬೆರೆಯುವುದರಿಂದ ಮೊದಲು ಗೊಂದಲ, ನಂತರ ನಿಶ್ಶಕ್ತಿ ಉಂಟಾಗಿ ಪ್ರಜ್ಞೆ ತಪ್ಪುತ್ತದೆ. ಮೂಗಿಗೆ ಒದ್ದೆ ಬಟ್ಟೆ ಹಿಡಿದರೆ ಮಸಿಯ ಕಣಗಳು ಸ್ವಲ್ಪಮಟ್ಟಿಗೆ ತಡೆಯಲ್ಪಡುತ್ತವೆಯೇ ಹೊರತು ಈ ಅನಿಲವಲ್ಲ; ಬಟ್ಟೆಯನ್ನು ನಂಬಿ ದಟ್ಟ ಹೊಗೆಯೊಳಗೆ ನಡೆಯುವುದು ಅಪಾಯಕರ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಹೊತ್ತಿಕೊಂಡದ್ದು ಕೆಳಗಿನ ವಾಹನ ನಿಲುಗಡೆಯ ಭಾಗದಲ್ಲಿ. ಆದರೆ ಮೇಲೇರಿದ ಹೊಗೆಯಿಂದ ಬಾಲ್ಕನಿಯಲ್ಲಿದ್ದವರು ಉಸಿರುಗಟ್ಟಿದರು. 59 ಮಂದಿ ಮೃತಪಟ್ಟರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿಯೂ ಹೊಗೆಯೇ ಮೇಲಿನ ಮಹಡಿಗಳನ್ನು ತುಂಬಿತು. ಕೆಲವರು ಕಿಟಕಿ ಗಾಜು ಒಡೆದು ಕೆಳಗೆ ಜಿಗಿದರು. ಈ ಅವಘಡದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಹೊರಹೋಗುವ ದಾರಿಗಳು ಮುಚ್ಚಿದ್ದವೆಂಬ ಆರೋಪ ಕೇಳಿಬಂತು.

ಹೊರಬರುವ ವಿಧಾನ

ಬೆಂಕಿ ಕಂಡ ಕೂಡಲೇ ಇತರರನ್ನು ಎಚ್ಚರಿಸಿ ಹೊರಡಬೇಕು. ಭಾರತದಲ್ಲಿ ಅಗ್ನಿಶಾಮಕ ದಳದ ದೂರವಾಣಿ ಸಂಖ್ಯೆ 101. ಏಕೀಕೃತ ತುರ್ತು ಸಂಖ್ಯೆ 112. ಹಣ, ಒಡವೆ, ದಾಖಲೆಗಳಿಗಾಗಿ ನಿಲ್ಲುವುದಾಗಲಿ, ಒಮ್ಮೆ ಹೊರಬಂದ ಮೇಲೆ ಮರಳಿ ಒಳಹೋಗುವುದಾಗಲಿ ಸಲ್ಲದು.

ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಆಚೆ ಬೆಂಕಿಯಿದೆ ಎಂದರ್ಥ. ಹೊರಡುವಾಗ ಹಿಂದಿನ ಬಾಗಿಲುಗಳನ್ನು ಬೀಗ ಹಾಕದೆ ಮುಚ್ಚಿದರೆ ಹೊಗೆ ಹರಡುವುದು ನಿಧಾನವಾಗುತ್ತದೆ. ದಾರಿಯಲ್ಲಿ ಹೊಗೆ ಎದುರಾದರೆ ಬೇರೆ ದಾರಿ ಹಿಡಿಯುವುದು ಲೇಸು. ಅನಿವಾರ್ಯವಾದಲ್ಲಿ ನೆಲದ ಬಳಿ ಗಾಳಿ ಶುದ್ಧವಾಗಿರುವುದರಿಂದ ತೆವಳುತ್ತಾ ಸಾಗಬೇಕು. ಲಿಫ್ಟ್ ಬಳಸಬಾರದು. ವಿದ್ಯುತ್ ಕಡಿತಗೊಂಡರೆ ಅದು ನಡುವೆಯೇ ನಿಲ್ಲುತ್ತದೆ, ಅದರ ಕೊಳವೆಯಂತಹ ದಾರಿ ಹೊಗೆಯನ್ನು ಸೆಳೆಯುತ್ತದೆ.

ಹೊರಬರಲಾಗದಿದ್ದಲ್ಲಿ

ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಕೋಣೆಯಲ್ಲೇ ಉಳಿಯುವುದು ಹೆಚ್ಚು ಸುರಕ್ಷಿತ. ರಸ್ತೆಯ ಕಡೆಗೆ ಕಿಟಕಿಯಿರುವ ಕೋಣೆಯನ್ನು ಸೇರಿ, ಬಾಗಿಲು ಮುಚ್ಚಿ, ಅದರ ಕೆಳಗಿನ ಸಂದನ್ನು ಒದ್ದೆ ಟವೆಲ್ ಅಥವಾ ಸೀರೆಯಿಂದ ಮುಚ್ಚಬೇಕು. ಯಾವ ಮಹಡಿಯಲ್ಲಿ, ಯಾವ ಕೋಣೆಯಲ್ಲಿ ಇದ್ದೇವೆಂಬುದನ್ನು ಫೋನಿನಲ್ಲಿ ತಿಳಿಸಿ, ಬಟ್ಟೆ ಬೀಸಿ ಅಥವಾ ಟಾರ್ಚ್ ತೋರಿಸಿ ಗಮನ ಸೆಳೆಯಬೇಕು. ಎತ್ತರದಿಂದ ಜಿಗಿಯಬಾರದು.

ಕಳ್ಳರ ಭಯದಿಂದ ಕಿಟಕಿ, ಬಾಲ್ಕನಿಗಳಿಗೆಲ್ಲ ಕಬ್ಬಿಣದ ಸರಳುಗಳನ್ನು ಬಿಗಿಯುವುದು ಭಾರತದ ನಗರಗಳಲ್ಲಿ ಸಾಮಾನ್ಯ. ಇದು ಕಳ್ಳರಷ್ಟೇ ರಕ್ಷಣಾ ಸಿಬ್ಬಂದಿಯನ್ನೂ ತಡೆಯುತ್ತದೆ. ಕನಿಷ್ಠ ಒಂದು ಕಡೆಯಾದರೂ ಒಳಗಿನಿಂದ ತೆರೆಯಬಹುದಾದ ಸರಳಿನ ಬಾಗಿಲಿದ್ದು, ಅದರ ಕೀಲಿ ಇರುವ ಜಾಗ ಮಕ್ಕಳಿಗೂ ತಿಳಿದಿರಬೇಕು.

ಸಣ್ಣ ಬೆಂಕಿ

ಬೆನ್ನ ಹಿಂದೆ ಹೊರಹೋಗುವ ದಾರಿ ತೆರೆದಿದ್ದು, ಬೆಂಕಿ ಒಂದು ಪಾತ್ರೆ ಅಥವಾ ಬುಟ್ಟಿಯಷ್ಟಕ್ಕೇ ಸೀಮಿತವಾಗಿದ್ದರೆ ಮಾತ್ರ ನಂದಿಸಲು ಯತ್ನಿಸಬಹುದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಿದರೆ ಅದು ಎಣ್ಣೆಯ ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ ತಟ್ಟೆ ಮುಚ್ಚಿ, ತಣಿಯುವವರೆಗೆ ತೆರೆಯದಿರುವುದು ಸರಿಯಾದ ಕ್ರಮ. ವಿದ್ಯುತ್ ಉಪಕರಣಗಳ ಬೆಂಕಿಗೂ ನೀರು ಬಳಸಬಾರದು. ಮುಖ್ಯ ಸ್ವಿಚ್ ಆರಿಸಿ ಒಣಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ಇರುವ ನಂದಕವನ್ನು ಬಳಸಬೇಕು. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ, ಮುಖ ಮುಚ್ಚಿಕೊಂಡು ನೆಲದ ಮೇಲೆ ಉರುಳಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚಬಾರದು.